ಸ್ಕಂದಗಿರಿಗೆ ಹದಿನಾಲ್ಕು ಸಲ ಡಿಕ್ಕಿ

ಮೊದಲೇ ಎರಡು ವಿಷಯ ಹೇಳಿಬಿಡ್ತೀನಿ. ಒಂದು, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಓದೋದು ಸಲೀಸು, ಬರೆಯೋಕೆ ಕೂತರೆ ಮಾತ್ರ ಒತ್ತಕ್ಷರಗಳು ಕೈಕೊಡುತ್ತವೆ. ತಪ್ಪಿದ್ದರೆ ನಮ್ಮ ಸಂಪಾದಕರನ್ನು ಬೈಯಿರಿ, ಬರಿ ಬರಿ ಅಂತ ಒಂದು ತಿಂಗಳಿಂದ ಹಿಂದೆ ಬಿದ್ದವರು ಅವರೇ. ಎರಡು, ನಾನು ಇದುವರೆಗೆ ನಿಜವಾದ ವಿಮಾನದೊಳಗೆ ಕಾಲಿಟ್ಟಿಲ್ಲ. ಆದರೂ ಹೋದ ಸೆಮಿಸ್ಟರಿನಲ್ಲಿ ಸ್ಕಂದಗಿರಿ ಸಾಲಿಗೆ ಹದಿನಾಲ್ಕು ಸಲ ವಿಮಾನ ಗುದ್ದಿಸಿದ್ದೇನೆ.

ಗಾಬರಿಯಾಗಬೇಡಿ. ಹಾಸ್ಟೆಲ್ ರೂಮಿನಲ್ಲಿ, ಫ್ಲೈಟ್‌ಗಿಯರ್ ಅನ್ನೋ ಫ್ರೀ ಸಿಮ್ಯುಲೇಟರಿನಲ್ಲಿ. ನನ್ನ ಲ್ಯಾಪ್‌ಟಾಪಿಗೆ ದೊಡ್ಡ ಗೇಮ್ ತಡೆಯೋ ಶಕ್ತಿ ಇಲ್ಲ, ಇದೊಂದು ಮಾತ್ರ ಓಡುತ್ತೆ. ವಿಮಾನ ಸೆಸ್ನಾ 172, ಒಂದೇ ಎಂಜಿನ್, ನಾಲ್ಕು ಸೀಟು. ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾದ ವಿಮಾನ ಇದೇ. ಪ್ರತಿ ಸಲ ಗುದ್ದಿದಾಗಲೂ ರೂಮ್‌ಮೇಟ್ "ಲೋ, ತಿಥಿ ಊಟ ಯಾವಾಗ?" ಅಂತ ಕೇಳ್ತಿದ್ದ. ನಾನು ರೀಸೆಟ್ ಒತ್ತುತ್ತಿದ್ದೆ. ಎರಡು ನಿಮಿಷದಲ್ಲಿ ಮತ್ತೆ ಜಕ್ಕೂರಿನ ರನ್‌ವೇ ಮೇಲೆ ಇರ್ತಿದ್ದೆ.

ನಮ್ಮೂರು ಶಿಡ್ಲಘಟ್ಟ. ಮನೆಯ ತಾರಸಿ ಮೇಲೆ ನಿಂತು ಪಡುವಣಕ್ಕೆ ನೋಡಿದರೆ, ಮಂಜಿಲ್ಲದ ದಿನ ನಂದಿಬೆಟ್ಟ, ಸ್ಕಂದಗಿರಿ ಸಾಲು ಕಾಣುತ್ತೆ. ದೇವನಹಳ್ಳಿ ಏರ್‌ಪೋರ್ಟ್ ಶುರುವಾಗಿದ್ದು 2008ರ ಮೇ ತಿಂಗಳಲ್ಲಿ, ನಾನಾಗ ಇನ್ನೂ ಅಂಬೆಗಾಲು ಬಿಟ್ಟು ನಡೆಯೋಕೆ ಕಲಿತವನು. ಹಾಗಾಗಿ ನನಗೆ ನೆನಪಿರೋ ಎಲ್ಲ ಸಂಜೆಗಳಲ್ಲೂ ಆಕಾಶದಲ್ಲಿ ವಿಮಾನದ ದೀಪ ಇದೆ. ಕೆಳಗೆ ಅಪ್ಪನ ನೂಲು ಬಿಚ್ಚೋ ಯೂನಿಟ್. ಗೂಡು ಬೇಯೋ ವಾಸನೆ, ಬಿಸಿನೀರು, ಮೇಲೆ ವಿಮಾನ. ಇದು ನನ್ನ ಬಾಲ್ಯ.

ಸೆಕೆಂಡ್ ಪಿಯು ಮುಗಿದ ಮೇಲೆ ಅಪ್ಪನ ಹತ್ತಿರ ಪೈಲಟ್ ಆಗಬೇಕು ಅಂದೆ. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಆಗಬೇಕು, ಖರ್ಚು ಅರ್ಧ ಕೋಟಿ ರೂಪಾಯಿ ದಾಟುತ್ತೆ. ಅಪ್ಪ ಮೂರು ದಿನ ಏನೂ ಹೇಳಲಿಲ್ಲ. ನಾಲ್ಕನೇ ದಿನ ಒಂದು ಹಳೆ ರಸೀದಿಯ ಹಿಂದೆ ಲೆಕ್ಕ ಬರೆದುಕೊಂಡು ಬಂದು "ಆಗಲ್ಲ ಮಗ" ಅಂದರು. ಅಷ್ಟೇ. ಆ ರಸೀದಿಯಲ್ಲಿ ಏನಿದೆ ಅಂತ ಕೂಡ ನಾನು ನೋಡಲಿಲ್ಲ. ಸುಮಾರು ಎರಡು ತಿಂಗಳು ಅಪ್ಪನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಸಿಇಟಿಯಲ್ಲಿ ಸಿಕ್ಕ ಸೀಟು ತಗೊಂಡು ಇಲ್ಲಿಗೆ ಬಂದೆ. ಬಂದ ವಾರದಲ್ಲೇ ಸಿಮ್ಯುಲೇಟರ್ ಹಾಕಿಕೊಂಡೆ. ಸಿಟ್ಟಿಗೆ ಅಂತಲೇ ಇಟ್ಟುಕೊಳ್ಳಿ.

ನನ್ನ ಫೇವರಿಟ್ ರೂಟ್ ಒಂದೇ. ಜಕ್ಕೂರಿನಿಂದ ಎದ್ದು ಚಿಂತಾಮಣಿ, ಅಲ್ಲಿಂದ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಬೆಟ್ಟ ದಾಟಿ ಗೌರಿಬಿದನೂರು, ವಾಪಸ್ ಜಕ್ಕೂರು. ನೇರ ಗೆರೆಯಲ್ಲಿ ಒಟ್ಟು ಸುಮಾರು 185 ಕಿಲೋಮೀಟರ್. ಸೆಸ್ನಾ 100 ನಾಟ್ ವೇಗದಲ್ಲಿ ಹೋದರೆ ಹೆಚ್ಚುಕಮ್ಮಿ ಒಂದು ಗಂಟೆ. ಬಸ್ಸಿನಲ್ಲಾದರೆ ಇಡೀ ದಿನ ಬೇಕು, ಗೌರಿಬಿದನೂರಿನಲ್ಲಿ ಬಸ್ ತಪ್ಪಿದರೆ ಎರಡು ದಿನ. ನನ್ನ ಪ್ಲಾನಿಂಗ್ ಅಂದರೆ ಮ್ಯಾಪಿನ ಮೇಲೆ ಐದು ಗೆರೆ. ಎತ್ತರ? ಬೆಟ್ಟ ಹತ್ತಿರದಿಂದ ಕಾಣಬೇಕು ಅಂತ 4,500 ಅಡಿ. ಹವಾಮಾನ? ಅದು ತಾನೇ ಡೀಫಾಲ್ಟ್ ಆಗಿ ಬರುತ್ತಲ್ಲ. ಬೋರಾದಾಗ ಲೈವ್ ವೆದರ್ ಆನ್ ಮಾಡ್ತಿದ್ದೆ.

ಈ ಯುಗಾದಿಗೆ ಊರಿಗೆ ಹೋದಾಗ ಚಿಂತಾಮಣಿಯಿಂದ ದೊಡ್ಡಮ್ಮನ ಮಗಳು ಬಂದಿದ್ದಳು. ನಮ್ಮ ಮನೆಯಲ್ಲಿ ಎಲ್ಲರಿಗೂ ಅವಳು ಅಕ್ಕ. ದೊಡ್ಡಪ್ಪ ಜಮೀನು ಮಾರಿ, ಬ್ಯಾಂಕ್ ಲೋನ್ ಮಾಡಿ ಅವಳನ್ನು ಬೇರೆ ರಾಜ್ಯದ ಫ್ಲೈಯಿಂಗ್ ಸ್ಕೂಲಿಗೆ ಕಳಿಸಿದ್ದರು. ಅವಳ ಹತ್ತಿರ ಲೈಸೆನ್ಸ್ ಇದೆ. ಕೆಲಸ ಇನ್ನೂ ಸಿಕ್ಕಿಲ್ಲ. ಒಬ್ಬಟ್ಟು ತಿಂದಾದ ಮೇಲೆ ನಾನು ಜಂಬದಿಂದ ಲ್ಯಾಪ್‌ಟಾಪ್ ತೆಗೆದು ನನ್ನ ರೂಟ್ ತೋರಿಸಿದೆ. ಚಿಕ್ಕಬಳ್ಳಾಪುರದ ಮೇಲೆ ಬಂದಾಗ ಕೇಳಿದಳು:

"ಇಲ್ಲಿಂದ ಮುಂದೆ ಹೋಗೋಕಾಗಲ್ಲ ಅಂದ್ರೆ ಏನ್ ಮಾಡ್ತೀಯ?"

"ಯಾಕಾಗಲ್ಲ? ಆಗುತ್ತೆ" ಅಂದೆ. ಒಂದೂವರೆ ನಿಮಿಷಕ್ಕೆ ಸರಿಯಾಗಿ ಗುಡ್ಡಕ್ಕೆ ಗುದ್ದಿದೆ. ಅದು ಹದಿನಾಲ್ಕನೆಯದು.

ಅವಳು ನಗಲಿಲ್ಲ. "ಹದಿನಾಲ್ಕು ಸಲ ಬಿದ್ದೆ ಅಂತೀಯ. ಯಾಕೆ ಬಿದ್ದೆ ಅಂತ ಒಂದು ಸಲವಾದ್ರೂ ಬರೆದಿಟ್ಟಿದ್ದೀಯಾ?" ಅಂದಳು. ಆಮೇಲೆ ನನ್ನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಗೆರೆ ಎಳೆದಳು. ಎಲ್ಲಿಂದ, ಎಲ್ಲಿಗೆ, ದಿಕ್ಕು, ಎತ್ತರ, ಗಾಳಿ, ವೇಗ, ನಿಮಿಷ, ಪೆಟ್ರೋಲ್. ಪೈಲಟ್‌ಗಳು ಇದಕ್ಕೆ ನ್ಯಾವ್ ಲಾಗ್ ಅಂತಾರೆ. ಕೊನೆಯಲ್ಲಿ ಒಂದು ಕಾಲಂ ತಾನೇ ಸೇರಿಸಿದಳು: "ಎಲ್ಲಿಂದ ವಾಪಸ್?"

ಮೊದಲು ಎತ್ತರ. ನಂದಿಬೆಟ್ಟ 1,478 ಮೀಟರ್, ಅಂದರೆ ಸುಮಾರು 4,850 ಅಡಿ. ನನ್ನ 4,500 ಅಡಿ ಅಲ್ಲಿಗೇ ಮುಗೀತು. ಬೆಟ್ಟದ ಮೇಲೆ ಕಡೇ ಪಕ್ಷ ಸಾವಿರ ಅಡಿ ಅಂತರ ಬೇಕು, ಗಾಳಿ ಜೋರಿದ್ದರೆ ಎರಡು ಸಾವಿರ. ಹಾಗಾದರೆ 6,850. "ಅಷ್ಟು ಮೇಲೆ ಹೋದ್ರೆ ಏನು ಚೆನ್ನಾಗಿ ಕಾಣುತ್ತೆ?" ಅಂದೆ. "ನೋಡೋಕೆ ಹೋಗೋದಾದ್ರೆ ಬೈಕಲ್ಲಿ ಹೋಗು" ಅಂದಳು.

ಆಮೇಲೆ ಬಿಸಿಲು. ಇದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಮ್ಮ ಬಯಲೇ ಸಮುದ್ರಮಟ್ಟದಿಂದ 3,000 ಅಡಿ ಮೇಲಿದೆ. ಸ್ಟ್ಯಾಂಡರ್ಡ್ ಲೆಕ್ಕದಲ್ಲಿ ಆ ಎತ್ತರದಲ್ಲಿ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 34 ಇರುತ್ತೆ. 25 ಡಿಗ್ರಿ ಹೆಚ್ಚು. ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಿದರೆ ಇನ್ನೂ 3,000 ಅಡಿ. ಅಂದರೆ ಬಿಸಿಗೆ ಗಾಳಿ ತೆಳುವಾಗಿ, ವಿಮಾನ ರನ್‌ವೇ ಮೇಲೆ ನಿಂತಿದ್ದರೂ ರೆಕ್ಕೆಗೆ, ಎಂಜಿನ್‌ಗೆ 6,000 ಅಡಿಯಲ್ಲಿದ್ದ ಹಾಗೆ. ಸಮುದ್ರಮಟ್ಟದಲ್ಲಿ ನಿಮಿಷಕ್ಕೆ 700 ಅಡಿ ಏರೋ ಸೆಸ್ನಾ ಇಲ್ಲಿ 400, 450 ಏರಿದರೆ ಹೆಚ್ಚು. ಮೇಲೆ ಹೋದಷ್ಟೂ ಇನ್ನೂ ಕಡಿಮೆ. ಸಿಮ್ಯುಲೇಟರ್‌ಗೆ ಈ ಲೆಕ್ಕ ಗೊತ್ತಿಲ್ಲ ಅಂತಲ್ಲ. 34 ಡಿಗ್ರಿ ಅಂತ ಕೊಟ್ಟಿದ್ದರೆ ಅದೂ ಏದುಸಿರು ಬಿಡ್ತಿತ್ತು. ನಾನು ಕೊಟ್ಟಿರಲಿಲ್ಲ.

ಗಾಳಿಯದು ಇನ್ನೊಂದು ಕಥೆ. ಆಷಾಢದಲ್ಲಿ ನಾವು ಗಾಳಿಪಟ ಬಿಡ್ತೀವಲ್ಲ, ಆ ಗಾಳಿ ಪಡುವಣದಿಂದ ಬರುತ್ತೆ. ಗಾಳಿಪಟ ಬಿಟ್ಟವರಿಗೆ ಗೊತ್ತು, ದೊಡ್ಡ ಕಟ್ಟಡದ ಹಿಂದೆ ಹೋದರೆ ಪಟ ಗಿರಗಿರ ತಿರುಗಿ ಕೆಳಗೆ ಬೀಳುತ್ತೆ. ಬೆಟ್ಟದ ಹಿಂದೆಯೂ ಅದೇ. ಪಡುವಣದ ಕಡೆ ಗಾಳಿ ಮೇಲಕ್ಕೆ ಎತ್ತುತ್ತೆ, ಮೂಡಣದ ಕಡೆ ಕೆಳಗೆ ತಳ್ಳುತ್ತೆ. ಚಿಕ್ಕಬಳ್ಳಾಪುರ ಇರೋದು ಮೂಡಣದಲ್ಲಿ. ಅಂದರೆ ಗೌರಿಬಿದನೂರಿಗೆ ಹೋಗೋವಾಗ ನಾನು ಬೆಟ್ಟವನ್ನು ಸೇರೋದೇ ತಪ್ಪು ಕಡೆಯಿಂದ. ಗಾಳಿ ನಿಮಿಷಕ್ಕೆ 600 ಅಡಿ ಕೆಳಗೆ ತಳ್ಳುತ್ತಿದ್ದರೆ, ನನ್ನ ಎಂಜಿನ್ 450 ಅಡಿ ಏರಿಸಿದರೆ, ಮೂಗು ಮೇಲಿದ್ದರೂ ವಿಮಾನ 150 ಅಡಿ ಇಳೀತಾ ಇರುತ್ತೆ. ಇದು ಕೂಡಿಸೋ ಕಳೆಯೋ ಲೆಕ್ಕ, ಇದಕ್ಕೆ ಇಂಜಿನಿಯರಿಂಗ್ ಬೇಡ.

ಇಂಜಿನಿಯರಿಂಗ್ ಬೇಕಾದದ್ದು ಮುಂದಿನದಕ್ಕೆ. "ಸರಿ, ಆಗಲ್ಲ ಅಂತ ಗೊತ್ತಾದ ತಕ್ಷಣ ತಿರುಗಿಸಿಬಿಡ್ತೀನಿ" ಅಂದೆ. "ತಿರುಗೋಕೆ ಎಷ್ಟು ಜಾಗ ಬೇಕು?" ಅಂದಳು. ಫಸ್ಟ್ ಇಯರ್ ಫಿಸಿಕ್ಸ್ ನೆನಪು ಮಾಡಿಕೊಳ್ಳಿ: ತ್ರಿಜ್ಯ ಅಂದರೆ ವಿ ಸ್ಕ್ವೇರ್ ಬೈ ಜಿ ಟ್ಯಾನ್ ಥೀಟಾ. ವೇಗ 100 ನಾಟ್, ಅಂದರೆ ಸೆಕೆಂಡಿಗೆ ಸುಮಾರು 51 ಮೀಟರ್. 30 ಡಿಗ್ರಿ ವಾಲಿಸಿದರೆ ತ್ರಿಜ್ಯ 460 ಮೀಟರ್ ದಾಟುತ್ತೆ. ಪೂರ್ತಿ ಹಿಂದಕ್ಕೆ ತಿರುಗಲು ಬೇಕಾದ ಅಗಲ ಅದರ ಎರಡರಷ್ಟು, 900 ಮೀಟರಿಗೂ ಮೇಲೆ. ವಿಮಾನ ಅಂದರೆ ಆಟೋ ಅಲ್ಲ, ನಿಂತ ಜಾಗದಲ್ಲಿ ಯು-ಟರ್ನ್ ಹೊಡೆಯೋಕೆ. ಎರಡು ಗುಡ್ಡಗಳ ನಡುವೆ ನುಗ್ಗಿದ ಮೇಲೆ "ವಾಪಸ್ ಹೋಗೋಣ" ಅನ್ನಿಸಿದರೆ ಆ ಜಾಗವೇ ಇರಲ್ಲ. ಅದಕ್ಕೇ ಬೆಟ್ಟದ ಸಾಲಿಗೆ ನೇರವಾಗಿ ಮುಖ ಕೊಡದೆ, 45 ಡಿಗ್ರಿ ಓರೆಯಾಗಿ ಹೋಗ್ತಾರೆ. ಆಗ ಸ್ವಲ್ಪ ತಿರುಗಿದರೆ ಸಾಕು, ಬಯಲಿನ ಕಡೆ ಮುಖ ಆಗುತ್ತೆ.

ಮೋಡದ ವಿಷಯಕ್ಕೆ ಬಂದಾಗ ನಾನು ಗೆದ್ದೆ ಅಂದುಕೊಂಡೆ. "ನಾನು ಏರ್‌ಪೋರ್ಟಿನ ಲೈವ್ ರಿಪೋರ್ಟ್ ಹಾಕಿಕೊಂಡಿದ್ದೆ, ಮೋಡದ ತಳ 1,500 ಅಡಿ ಅಂತಿತ್ತು, ಸಾಕಲ್ವಾ?" ಅಂದೆ. ಆ 1,500 ಅಡಿ ಏರ್‌ಪೋರ್ಟಿನ ನೆಲದಿಂದ ಅಳೆದದ್ದು. ಏರ್‌ಪೋರ್ಟ್ 3,000 ಅಡಿಯಲ್ಲಿದೆ. ಕೂಡಿಸಿದರೆ 4,500. ನಂದಿ 4,850. ಅಂದರೆ ದೇವನಹಳ್ಳಿಯಲ್ಲಿ ಎಲ್ಲ ಸರಿಯಿದೆ ಅನ್ನೋ ಹೊತ್ತಿನಲ್ಲೇ ನಂದಿಯ ತಲೆ 350 ಅಡಿ ಮೋಡದೊಳಗೆ ಹೂತುಹೋಗಿರುತ್ತೆ. ಬೆಳಗಿನ ಜಾವ ಮೂರಕ್ಕೆ ಎದ್ದು ಬೈಕ್ ಹತ್ತಿ ನಾವೆಲ್ಲ ರೀಲ್ಸ್ ಮಾಡೋಕೆ ಹೋಗ್ತೀವಲ್ಲ, ಆ ಮೋಡವೇ ಕಣ್ಣಿನಿಂದ ದಾರಿ ನೋಡಿ ಹಾರೋ ಸಣ್ಣ ವಿಮಾನಕ್ಕೆ ಗೋಡೆ.

ಮಾರನೇ ದಿನ ಅಕ್ಕ ಅಪ್ಪನ ಸ್ಕೂಟರ್ ತಗೊಂಡು "ಬಾ, ನಿನ್ನ ರೂಟ್ ನೋಡ್ಕೊಂಡು ಬರೋಣ" ಅಂದಳು. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ, ಮಂಚೇನಹಳ್ಳಿ, ಗೌರಿಬಿದನೂರು. ಐವತ್ತು ಕಿಲೋಮೀಟರಿಗೂ ಮೇಲೆ. ಕೆಲಸ ಒಂದೇ: ಇಲ್ಲಿ ಎಂಜಿನ್ ನಿಂತರೆ ಎಲ್ಲಿ ಇಳಿಸೋದು? ಸೆಸ್ನಾ ಎಂಜಿನ್ ಇಲ್ಲದೆ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ತೇಲುತ್ತೆ. ನೆಲದಿಂದ 2,000 ಅಡಿ ಮೇಲಿದ್ದರೆ ಗಾಳಿ ಇಲ್ಲದ ದಿನ ಐದೂವರೆ ಕಿಲೋಮೀಟರ್ ಸಿಗುತ್ತೆ. ಅಷ್ಟರೊಳಗೆ ಜಾಗ ಹುಡುಕಬೇಕು.

ನನ್ನ ಸಿಮ್ಯುಲೇಟರಿನಲ್ಲಿ ದಾರಿಯುದ್ದಕ್ಕೂ ಹಸಿರು ಬಯಲು. ರಸ್ತೆಯಿಂದ ನೋಡಿದರೆ ಆ ಹಸಿರಿನ ಅರ್ಧ ದ್ರಾಕ್ಷಿ ಚಪ್ಪರ. ಆಳೆತ್ತರದ ಕಲ್ಲುಕಂಬ, ಅದರ ಮೇಲೆ ತಂತಿ. ಇನ್ನೊಂದಿಷ್ಟು ಟೊಮೆಟೊ ಕಡ್ಡಿ, ಹೂವಿನ ಪಾಲಿಹೌಸ್. ಬಯಲು ಅಂದುಕೊಂಡ ಕಡೆಯೆಲ್ಲ ಆನೆ ಗಾತ್ರದ ಬಂಡೆ. ಹೈವೇ ಮೇಲೆ ಇಳಿಸ್ತೀನಿ ಅಂದೆ, ಅಕ್ಕ ಲಾರಿಗಳ ಕಡೆ, ಕರೆಂಟ್ ತಂತಿಗಳ ಕಡೆ ಕೈ ತೋರಿಸಿದಳು. ಕೊನೆಗೆ ಕೆರೆ ಅಂಗಳ ನೆನಪಾಯ್ತು. ನಮ್ಮ ಕಡೆ ಕೆರೆಗಳು ಒಣಗಿದ ಬಯಲು ಅಂತಲೇ ನಾನು ಚಿಕ್ಕಂದಿನಿಂದ ನೋಡಿದ್ದು, ಹಳೆ ಸ್ಯಾಟಲೈಟ್ ಫೋಟೋದಲ್ಲೂ ಹಾಗೇ ಇದೆ. ಈಗ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದು ಚಿಕ್ಕಬಳ್ಳಾಪುರದ ಕಂದವಾರ ಕೆರೆಯಲ್ಲಿ ನೀರು ನಿಂತಿದೆ. ನಾನು ಲ್ಯಾಂಡ್ ಮಾಡೋಣ ಅಂದುಕೊಂಡ ಜಾಗದಲ್ಲಿ ಕೊಕ್ಕರೆ ಮೀನು ಹಿಡೀತಿತ್ತು.

ಬೆಟ್ಟ ಕೂಡ ಬೇರೆಯೇ. ಸಿಮ್ಯುಲೇಟರಿನ ಬೆಟ್ಟಗಳು ಬಹುತೇಕ 2000ರ ಫೆಬ್ರುವರಿಯಲ್ಲಿ ಎಂಡೀವರ್ ಶಟಲ್ 11 ದಿನ ಭೂಮಿ ಸುತ್ತಿ ರಾಡಾರಿನಲ್ಲಿ ಅಳೆದ ಡೇಟಾದಿಂದ ಬಂದವು. ಸುಮಾರು 90 ಮೀಟರಿಗೊಂದು ಚುಕ್ಕಿ. ಚುಕ್ಕಿಗಳ ನಡುವೆ ಇರೋ ಚೂಪು ತುದಿ, ಕಡಿದಾದ ಬಂಡೆ ಎಲ್ಲ ಸವೆದುಹೋಗುತ್ತೆ. ನನ್ನ ಲ್ಯಾಪ್‌ಟಾಪಿನಲ್ಲಿ ಟಿಪ್ಪು ಡ್ರಾಪ್ ಅನ್ನೋದು ಮಕ್ಕಳ ಜಾರುಬಂಡಿ ಥರ ಇದೆ.

ಗೌರಿಬಿದನೂರು ಚಿಕ್ಕಬಳ್ಳಾಪುರಕ್ಕಿಂತ ಸುಮಾರು 200 ಮೀಟರ್ ತಗ್ಗಿನಲ್ಲಿದೆ. ಬೆಟ್ಟ ದಾಟಿದರೆ ನೆಲ ತಾನಾಗೇ ಕೆಳಗೆ ಹೋಗುತ್ತೆ, ಕೆಲಸ ಸುಲಭ. ಕಷ್ಟ ಇರೋದು ದಾಟೋ ಆ ನಾಲ್ಕೈದು ನಿಮಿಷದಲ್ಲಿ. ಗೌರಿಬಿದನೂರಿನಲ್ಲಿ ಟೀ ಕುಡೀತಾ ಅಕ್ಕ ಉಳಿದದ್ದನ್ನೂ ಬರೆಸಿದಳು. ಪೆಟ್ರೋಲ್ ಗಂಟೆಗೆ ಸುಮಾರು 35 ಲೀಟರ್, ಅದರ ಮೇಲೆ ಅರ್ಧ ಗಂಟೆಯ ರಿಸರ್ವ್ ಮುಟ್ಟೋ ಹಾಗಿಲ್ಲ. ಹಾರೋ ಮುಂಚೆ ಫ್ಲೈಟ್ ಪ್ಲಾನ್ ಕೊಡಬೇಕು, ವಾಯುಪಡೆಯ ಕಡೆಯಿಂದ ಎಡಿಸಿ ನಂಬರ್ ಬರಬೇಕು, ದೇವನಹಳ್ಳಿ ಮತ್ತು ಯಲಹಂಕದವರ ಆಕಾಶಕ್ಕೆ ಕಾಲಿಡೋ ಮುಂಚೆ ಅವರನ್ನು ಕೇಳಬೇಕು. ನಮ್ಮ ನಾಲ್ಕೂ ಊರಲ್ಲಿ ಇಳಿಯೋಕೆ ಒಂದು ಏರ್‌ಸ್ಟ್ರಿಪ್ ಇಲ್ಲ. ಬೆಟ್ಟದ ಹತ್ತಿರ ಯಡವಟ್ಟಾದರೆ ಚಿಕ್ಕಬಳ್ಳಾಪುರದಿಂದ ಜಕ್ಕೂರಿಗೆ 42 ಕಿಲೋಮೀಟರ್, 14 ನಿಮಿಷ. ಆ ಪೆಟ್ರೋಲೂ ಲೆಕ್ಕದಲ್ಲಿ ಇರಬೇಕು.

"ಎಲ್ಲಿಂದ ವಾಪಸ್?" ಕಾಲಂ ಮಾತ್ರ ಖಾಲಿ ಇತ್ತು. ಅದನ್ನು ನಾನೇ ತುಂಬಬೇಕಂತೆ.

ಹಾಸ್ಟೆಲಿಗೆ ಬಂದ ಮೇಲೆ ಇನ್ನೊಂದು ವಿಷಯ ಸಿಕ್ಕಿತು. ರೆಕ್ಕೆ ತುಂಬ ಕೆಂಪು ಚುಕ್ಕಿ ಇರೋ ವಿಮಾನದ ಮೀಮ್ ನೀವೆಲ್ಲ ನೋಡಿರ್ತೀರ. ಎರಡನೇ ಮಹಾಯುದ್ಧದಲ್ಲಿ ವಾಪಸ್ ಬಂದ ವಿಮಾನಗಳಲ್ಲಿ ಎಲ್ಲಿ ಗುಂಡು ಬಿದ್ದಿದೆ ಅಂತ ನೋಡಿ ಅಲ್ಲೇ ಕವಚ ಹಾಕೋದಲ್ಲ, ಅಲ್ಲಿ ಗುಂಡು ತಿಂದವು ವಾಪಸ್ ಬಂದಿವೆ. ಬೇರೆ ಕಡೆ ತಿಂದವು ಬಂದೇ ಇಲ್ಲ, ಆ ಕಡೆ ನೋಡಿ ಅನ್ನೋ ವಾದ. ಆ ಲೆಕ್ಕ ಮಾಡಿದವರು ಅಬ್ರಹಾಂ ವಾಲ್ಡ್, ಕೊಲಂಬಿಯಾದ ಗಣಿತಜ್ಞ. ಅವರು ಹೇಗೆ ತೀರಿಕೊಂಡರು ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಭಾರತ ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸಕ್ಕೆ ಬಂದಿದ್ದಾಗ, 1950ರ ಡಿಸೆಂಬರ್ 13ರಂದು, ಅವರಿದ್ದ ಏರ್ ಇಂಡಿಯಾ ವಿಮಾನ ನಮ್ಮ ಪಕ್ಕದ ನೀಲಗಿರಿ ಬೆಟ್ಟಕ್ಕೆ ಬಡಿಯಿತು. ಹೆಂಡತಿಯೂ ಜೊತೆಗಿದ್ದರು. ವಾಲ್ಡ್‌ಗೆ ಆಗ 48 ವರ್ಷ.

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ವಾಲ್ಡ್ ಹತ್ತಿರ ಇದ್ದದ್ದು ವಾಪಸ್ ಬಂದ ವಿಮಾನಗಳು ಮಾತ್ರ. ಬಾರದವುಗಳ ಬಗ್ಗೆ ಅವರು ಊಹಿಸಬೇಕಿತ್ತು. ನನ್ನ ಹತ್ತಿರ ಬಾರದ ಹದಿನಾಲ್ಕು ವಿಮಾನಗಳಿವೆ, ಪ್ರತಿಯೊಂದರಲ್ಲೂ ನಾನೇ ಪೈಲಟ್, ಎಲ್ಲ ನೆನಪೂ ಇದೆ. ನಾನು ಮಾಡಿದ್ದು ರೀಸೆಟ್ ಒತ್ತಿದ್ದು. ಸಿಮ್ಯುಲೇಟರ್ ಸುಳ್ಳು, ನಿಜವಾದ ಹಾರಾಟ ನಿಜ ಅಂತ ಬರೆಯೋಣ ಅಂದುಕೊಂಡಿದ್ದೆ. ಅದು ಸರಿಯಲ್ಲ. ಸತ್ತ ಮೇಲೆ ಎದ್ದು ಬಂದು ಯಾಕೆ ಸತ್ತೆ ಅಂತ ಬರೆದಿಡೋಕೆ ಆಗೋದು ಸಿಮ್ಯುಲೇಟರಿನಲ್ಲಿ ಮಾತ್ರ. ಆ ರಾತ್ರಿ ಹದಿನಾಲ್ಕನ್ನೂ ಬರೆದೆ. ಆರು, ಬೆಟ್ಟದ ಎತ್ತರ ನೋಡದೆ ಹೋದದ್ದು. ಐದು, ಮೋಡದೊಳಗೆ ನುಗ್ಗಿದ್ದು. ಮೂರು, ತಿರುಗಿಸೋಕೆ ಹೋಗಿ ಜಾಗ ಸಾಲದ್ದು. ಹದಿನಾಲ್ಕರಲ್ಲೂ ಒಂದು ವಿಷಯ ಸಮಾನ: ಕಂದವಾರ ಕೆರೆಯ ಮೇಲಿದ್ದಾಗ ಎಲ್ಲವೂ ಕಣ್ಣಿಗೆ ಕಾಣ್ತಿತ್ತು. ತಿರುಗೋಕೆ ಇಡೀ ಬಯಲಿತ್ತು. "ಇಷ್ಟು ದೂರ ಬಂದಿದ್ದೀನಿ, ನೋಡೇಬಿಡೋಣ" ಅಂತ ಹೋದದ್ದು. ಖಾಲಿ ಕಾಲಮಿನಲ್ಲಿ ಕಂದವಾರ ಕೆರೆ ಅಂತ ಬರೆದೆ. ಬೆಟ್ಟದ ತುದಿ ಕಾಣದಿದ್ದರೆ, ಎತ್ತರ 6,850 ಇಲ್ಲದಿದ್ದರೆ, ಅಲ್ಲಿಂದಲೇ ವಾಪಸ್.

ಮುಂದಿನ ಶನಿವಾರ ಊರಿಗೆ ಹೋದಾಗ ಅಪ್ಪನ ಜೊತೆ ಗೂಡಿನ ಮಾರುಕಟ್ಟೆಗೆ ಹೋದೆ, ಎಷ್ಟೋ ವರ್ಷದ ಮೇಲೆ. ಈಗ ಇ-ಹರಾಜು. ಆದರೆ ಮನೆ ಬಿಡೋ ಮುಂಚೆ ಅಪ್ಪ ಹಳೆ ರಸೀದಿಯ ಹಿಂದೆ ಒಂದು ನಂಬರ್ ಬರೆದುಕೊಂಡರು. ಏನದು ಅಂದೆ. ನೂಲಿನ ರೇಟು ಇಷ್ಟು, ಒಂದು ಕೆಜಿ ನೂಲಿಗೆ ಏಳು ಕೆಜಿ ಆಸುಪಾಸು ಗೂಡು, ಸೌದೆ, ಕೂಲಿ, ಎಲ್ಲ ಕಳೆದರೆ ಗೂಡಿಗೆ ಇದಕ್ಕಿಂತ ಮೇಲೆ ಕೊಡೋ ಹಾಗಿಲ್ಲ ಅಂದರು. "ಅಲ್ಲಿಗೆ ಹೋದ್ಮೇಲೆ ತಲೆ ಓಡಲ್ಲ ಮಗ. ಒಳ್ಳೆ ಗೂಡು ಕಣ್ಮುಂದೆ ಇರುತ್ತೆ, ಪಕ್ಕದವನು ಏರಿಸ್ತಾ ಇರ್ತಾನೆ. ಮನೇಲೇ ಬರ್ಕೊಂಡು ಹೋಗ್ಬೇಕು." ಅವತ್ತು ರೇಟು ದಾಟಿತು. ಅಪ್ಪ ಬರಿಗೈಲಿ ವಾಪಸ್ ಬಂದರು. ಯೂನಿಟ್ ಒಂದು ದಿನ ನಿಂತಿತು.

ಎರಡು ವರ್ಷದ ಹಿಂದಿನ ಆ ಇನ್ನೊಂದು ರಸೀದಿ ನೆನಪಾಯ್ತು. ಅದರಲ್ಲೂ ಹೀಗೇ ಒಂದು ನಂಬರ್ ಇದ್ದಿರಬೇಕು. ಈಗಲೂ ಅಪ್ಪನದೇ ಸರಿ ಅಂತ ಒಪ್ಪೋಕೆ ಮನಸ್ಸು ಬರಲ್ಲ, ತಾರಸಿ ಮೇಲೆ ನಿಂತರೆ ಹೊಟ್ಟೆಯಲ್ಲಿ ಅದೇ ಸಂಕಟ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಕೆರೆ ದಾಟಿ ಹೋದವಳು ಕಣೋ. ಈಗ ನಂಗೆ ತಿರುಗೋಕೆ ಜಾಗ ಇಲ್ಲ, ಬೆಟ್ಟ ದಾಟಲೇಬೇಕು. ದಾಟ್ತೀನಿ. ಆದ್ರೆ ನಮ್ಮಪ್ಪ ಆವತ್ತು ಯಾವ ನಂಬರೂ ಬರೆದಿರಲಿಲ್ಲ" ಅಂದಳು. ಈ ತಿಂಗಳು ಅವಳಿಗೆ ಎರಡು ಇಂಟರ್‌ವ್ಯೂ ಇದೆ. ನೀವೂ ಹಾರೈಸಿ.

ಹೋದ ವಾರ ಹದಿನೈದನೇ ಸಲ ಹೊರಟೆ. 34 ಡಿಗ್ರಿ, ಪಡುವಣ ಗಾಳಿ 20 ನಾಟ್, ಮೋಡ ಲೈವ್. ಚಿಂತಾಮಣಿ, ಶಿಡ್ಲಘಟ್ಟ, ನಮ್ಮ ಮನೆ ಇರಬೇಕಾದ ಜಾಗದ ಮೇಲೆ ಹಾದು ಕಂದವಾರ ಕೆರೆಗೆ ಬಂದಾಗ ಎತ್ತರ 6,100 ಅಡಿ. ಬೆಟ್ಟದ ತುದಿ ಅರ್ಧ ಕಾಣ್ತಿತ್ತು, ಅರ್ಧ ಇಲ್ಲ. "ಹೋಗೋ, ಆಗುತ್ತೆ" ಅಂದ ರೂಮ್‌ಮೇಟ್. ಎಡಕ್ಕೆ ತಿರುಗಿಸಿ ಜಕ್ಕೂರಿಗೆ ಹೋಗಿ ಇಳಿಸಿದೆ. "ಇದೇನೋ, ಬೋರ್!" ಅಂತ ಅವನು ಮುಸುಕೆಳೆದುಕೊಂಡ.

ಗೌರಿಬಿದನೂರು ಇನ್ನೂ ಬಾಕಿ ಇದೆ. ಯಾರಿಗಾದರೂ ಜೊತೆಗೆ ಹಾರಬೇಕು ಅನ್ನಿಸಿದರೆ ರಾತ್ರಿ ಊಟ ಆದ ಮೇಲೆ ನಮ್ಮ ರೂಮಿಗೆ ಬನ್ನಿ. ಜಾಯ್‌ಸ್ಟಿಕ್ ಮುಟ್ಟೋ ಮುಂಚೆ ಹಾಳೆ ತುಂಬಬೇಕು, ಕೊನೆಯ ಕಾಲಂ ಮೊದಲು.